ನೀರು, ಉರಿದು ಮುಗಿದ ಬೂದಿ!

ನೀರಿನಿಂದಲೇ ಕಾರು ಓಡಿಸುತ್ತೇನೆ ಎನ್ನುವವರು ಆಗಾಗ ಹುಟ್ಟಿಕೊಳ್ಳುತ್ತಾರೆ. ಅವರ ಮಾತು ದಿಟವೋ ಸಟೆಯೋ ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ರಾಸಾಯನಿಕ ಬಂಧಗಳ ಜಮಾ-ಖರ್ಚು ಬರೆಯಲು ಬಂದರೆ ಸಾಕು.

1996 ನೀರಿಗೆ ಬೆಂಕಿ ಹಚ್ಚಲು ಹೊರಟವರ ವರ್ಷ. ತಮಿಳುನಾಡಿನ ಹಳ್ಳಿಯೊಂದರ ಯುವಕ ನೀರಿಗೆ ಗಿಡಮೂಲಿಕೆ ಹಾಕಿ ಕಾಯಿಸಿ ಪೆಟ್ರೋಲಿನಂಥ ಇಂಧನ ತಯಾರಿಸಿದ್ದೇನೆ ಎಂದಾಗ ದೇಶಕ್ಕೆ ದೇಶವೇ ಬೆರಗಾಯಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ವಿಜ್ಞಾನಿಗಳು ಕೂಡ ಕರೆಸಿ ನೋಡಿದರು. ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಆ ಮಾತು ನಿಲ್ಲಲಿಲ್ಲ.

ಅದೇ ವರ್ಷ ಅಮೆರಿಕದ ಒಹಾಯೊ ರಾಜ್ಯದ ನ್ಯಾಯಾಲಯದಲ್ಲಿ ಇನ್ನೊಂದು ಪ್ರಕರಣ ಇತ್ಯರ್ಥವಾಯಿತು. ಸ್ಟ್ಯಾನ್ಲಿ ಮೇಯರ್ ಎಂಬಾತ ತನ್ನ ಗಾಡಿ ಸುಮಾರು 83 ಲೀಟರ್ ನೀರು ಕುಡಿದು ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ವರೆಗೆ, ಅಂದರೆ ಅಮೆರಿಕದ ಆ ತುದಿಯಿಂದ ಈ ತುದಿಗೆ, ಓಡಬಲ್ಲದು ಎಂದಿದ್ದ. ಅದನ್ನು ನಂಬಿ ಹಣ ಹೂಡಿದವರಲ್ಲಿ ಇಬ್ಬರು ಕೋರ್ಟಿನ ಮೆಟ್ಟಿಲೇರಿದರು. ತಜ್ಞರು ಆತನ ಯಂತ್ರ ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ಶಾಲೆಯ ಲ್ಯಾಬಿನಲ್ಲಿ ಮಾಡುವಂಥ ಮಾಮೂಲಿ ವಿದ್ಯುದ್ವಿಭಜನೆ. ಇದು ಶುದ್ಧ ವಂಚನೆ ಎಂದ ನ್ಯಾಯಾಲಯ, 25,000 ಡಾಲರ್ ಹಿಂತಿರುಗಿಸಲು ಆದೇಶಿಸಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2012ರಲ್ಲಿ ಪಾಕಿಸ್ತಾನದ ಟಿ.ವಿ. ವಾಹಿನಿಗಳಲ್ಲಿ ನೀರಿನ ಕಾರು ಓಡಿತು. ಮಂತ್ರಿಗಳೂ ತಲೆದೂಗಿದರು. ಇವತ್ತಿಗೂ ‘ಬೈಕಿಗೆ ಈ ಡಬ್ಬಿ ಜೋಡಿಸಿ, ನೀರು ತುಂಬಿಸಿ, ಮೈಲೇಜ್ ಹೆಚ್ಚಿಸಿಕೊಳ್ಳಿ’ ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಓದಿದವರೇ ಇದಕ್ಕೆ ಮರುಳಾಗುತ್ತಾರೆ. ಯಾಕೆಂದರೆ ವಾದ ಕೇಳಲು ಬಲು ಸರಳ: ನೀರಿನಲ್ಲಿ ಹೈಡ್ರೋಜನ್ ಇದೆ, ಹೈಡ್ರೋಜನ್ ಉರಿಯುತ್ತದೆ, ಆದ್ದರಿಂದ ನೀರೂ ಇಂಧನವೇ. ಈ ವಾದದಲ್ಲಿ ತೂತು ಎಲ್ಲಿದೆ?

ತೂತು ಇರುವುದು ‘ಬಂಧ’ ಎಂಬ ಪುಟ್ಟ ಪದದಲ್ಲಿ. ಹೈಸ್ಕೂಲಿನಿಂದ ಪಿಯುಸಿವರೆಗೆ ಸಾವಿರ ಸಲ ಓದಿದರೂ ತಲೆಕೆಳಗಾಗಿ ಅರ್ಥವಾಗುವ ಪದ ಅದು.

ಬಾವಿಯೊಳಗಿನ ಕೊಡ

ಪರಮಾಣುಗಳ ನಡುವಿನ ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಬಂಧವೆಂದರೆ ಶಕ್ತಿ ತುಂಬಿಟ್ಟ ಡಬ್ಬಿ, ಡಬ್ಬಿ ಒಡೆದರೆ ಶಕ್ತಿ ಚೆಲ್ಲುತ್ತದೆ ಎಂಬ ಚಿತ್ರ ಅವರ ಮನಸ್ಸಿನಲ್ಲಿ ಕೂತಿದೆ. ‘ಆಹಾರದ ಬಂಧಗಳಲ್ಲಿ ಶಕ್ತಿ ಅಡಗಿದೆ’, ‘ಇಂಧನದ ಅಣು ಒಡೆದಾಗ ಶಾಖ ಬಿಡುಗಡೆಯಾಗುತ್ತದೆ’ ಎಂಬ ಅವಸರದ ವಾಕ್ಯಗಳು ಈ ಚಿತ್ರವನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ.

ವಾಸ್ತವ ಇದಕ್ಕೆ ನೇರ ವಿರುದ್ಧ. ಬಂಧ ಮುರಿಯಲು ಯಾವಾಗಲೂ ಶಕ್ತಿ ಖರ್ಚಾಗುತ್ತದೆ. ಬಂಧ ಏರ್ಪಡುವಾಗ ಯಾವಾಗಲೂ ಶಕ್ತಿ ಹೊರಬರುತ್ತದೆ. ರಸಾಯನ ವಿಜ್ಞಾನದಲ್ಲಿ ಹೀಗೆ ಅಪವಾದವಿಲ್ಲದ ಮಾತುಗಳು ತೀರಾ ಕಡಿಮೆ.

ಹಳ್ಳಿಯ ಬಾವಿಯನ್ನು ನೆನೆಸಿಕೊಳ್ಳಿ. ಹಗ್ಗ ಕಟ್ಟಿದ ಕೊಡವನ್ನು ಕೈಬಿಟ್ಟರೆ ಅದು ತಾನಾಗಿ ಬಾವಿಗಿಳಿಯುತ್ತದೆ. ಇಳಿಯುವಾಗ ರಾಟೆಯನ್ನು ಗಿರಗಿರನೆ ತಿರುಗಿಸುತ್ತದೆ. ಅದೇ ಕೊಡವನ್ನು ಮೇಲೆ ತರಬೇಕಾದರೆ ರಟ್ಟೆ ಬಳಸಲೇಬೇಕು. ಎರಡು ಪರಮಾಣುಗಳು ಬಂಧದಲ್ಲಿ ಕೂಡುವುದೆಂದರೆ ಕೊಡ ಬಾವಿಗಿಳಿದಂತೆ. ಆಗ ಶಕ್ತಿ ಹೊರಕ್ಕೆ. ಅವನ್ನು ಬೇರ್ಪಡಿಸುವುದೆಂದರೆ ಕೊಡ ಸೇದಿದಂತೆ. ಆಗ ಶಕ್ತಿ ಒಳಕ್ಕೆ. ಬಾವಿ ಎಷ್ಟು ಆಳವೋ ಬಂಧ ಅಷ್ಟು ಗಟ್ಟಿ. ಆದ್ದರಿಂದ ‘ಗಟ್ಟಿ ಬಂಧ’ ಎಂದರೆ ಹೆಚ್ಚು ಶಕ್ತಿ ಇರುವ ಬಂಧವಲ್ಲ. ಬಹಳಷ್ಟು ಶಕ್ತಿಯನ್ನು ಈಗಾಗಲೇ ಕಳೆದುಕೊಂಡು ತಳ ಸೇರಿದ ಬಂಧ.

ಹಾಗಾದರೆ ಸೌದೆ ಉರಿದಾಗ ಬರುವ ಶಾಖ ಎಲ್ಲಿಂದ ಬಂತು? ಯಾವುದೇ ರಾಸಾಯನಿಕ ಕ್ರಿಯೆಯಲ್ಲಿ ಹಳೆಯ ಬಂಧಗಳು ಮುರಿಯುತ್ತವೆ, ಹೊಸವು ಕೂಡುತ್ತವೆ. ಮುರಿಯಲು ಕೊಟ್ಟದ್ದು ಖರ್ಚು. ಕೂಡುವಾಗ ಬಂದದ್ದು ಜಮಾ. ಜಮಾ ಹೆಚ್ಚಿದ್ದರೆ ಉಳಿಕೆ ಶಾಖವಾಗಿ, ಬೆಳಕಾಗಿ ಹೊರಬರುತ್ತದೆ. ಅದು ಬಹಿರುಷ್ಣಕ ಕ್ರಿಯೆ. ಖರ್ಚೇ ಹೆಚ್ಚಿದ್ದರೆ ಹೊರಗಿನಿಂದ ಶಾಖ ಕೊಡುತ್ತಲೇ ಇರಬೇಕು. ಅದು ಅಂತರುಷ್ಣಕ ಕ್ರಿಯೆ. ಅಂಗಡಿಯ ಲೆಕ್ಕಕ್ಕೂ ಒಲೆಯ ಲೆಕ್ಕಕ್ಕೂ ವ್ಯತ್ಯಾಸವೇನಿಲ್ಲ.

ಜಲಜನಕದ ಲೆಕ್ಕಪತ್ರ

ಈಗ ಹೈಡ್ರೋಜನ್ ಉರಿಯುವ ಲೆಕ್ಕ ನೋಡೋಣ. ಎರಡು ಹೈಡ್ರೋಜನ್ ಅಣು, ಒಂದು ಆಮ್ಲಜನಕದ ಅಣು ಸೇರಿದರೆ ಎರಡು ನೀರಿನ ಅಣು. ಬಿಡಿ ಅಣುಗಳ ಶಕ್ತಿಯನ್ನು ಅಳೆಯುವುದು ಕಷ್ಟವಾದ್ದರಿಂದ ರಸಾಯನ ವಿಜ್ಞಾನಿಗಳು ‘ಮೋಲ್’ ಎಂಬ ಸಗಟು ಅಳತೆ ಬಳಸುತ್ತಾರೆ. ಒಂದು ಮೋಲ್ ಹೈಡ್ರೋಜನ್ ಅಂದರೆ 2 ಗ್ರಾಂ, ಆಮ್ಲಜನಕವಾದರೆ 32 ಗ್ರಾಂ, ನೀರಾದರೆ 18 ಗ್ರಾಂ.

ಖರ್ಚಿನ ಪಟ್ಟಿ ಹೀಗಿದೆ. ಒಂದು ಮೋಲ್ ಹೈಡ್ರೋಜನ್ ಬಂಧ ಮುರಿಯಲು 436 ಕಿಲೋಜೂಲ್ ಬೇಕು. ಎರಡು ಮೋಲ್‌ಗೆ 872. ಆಮ್ಲಜನಕದ ಜೋಡಿಬಂಧ ಮುರಿಯಲು 498. ಒಟ್ಟು ಖರ್ಚು 1,370 ಕಿಲೋಜೂಲ್.

ಇನ್ನು ಜಮಾ. ಆಮ್ಲಜನಕ ಮತ್ತು ಹೈಡ್ರೋಜನ್ ನಡುವಿನ ಒಂದು ಬಂಧ ಏರ್ಪಟ್ಟರೆ ಸರಾಸರಿ 463 ಕಿಲೋಜೂಲ್ ಬರುತ್ತದೆ. ಒಂದು ನೀರಿನ ಅಣುವಿನಲ್ಲಿ ಇಂಥ ಬಂಧಗಳು ಎರಡು, ಎರಡು ಅಣುವಿನಲ್ಲಿ ನಾಲ್ಕು. ಒಟ್ಟು ಜಮಾ 1,852.

ಉಳಿಕೆ 482 ಕಿಲೋಜೂಲ್. ಅಂದರೆ 18 ಗ್ರಾಂ ನೀರಿನ ಆವಿ ಹುಟ್ಟುವಾಗ 241 ಕಿಲೋಜೂಲ್ ಶಾಖ ಹೊರಬರುತ್ತದೆ. ಇದು ಎಷ್ಟು? ನಲ್ಲಿಯಿಂದ ಹಿಡಿದ ಒಂದು ಲೀಟರ್ ತಣ್ಣೀರನ್ನು 80 ಡಿಗ್ರಿ ಸೆಲ್ಸಿಯಸ್ ದಾಟಿಸುವಷ್ಟು! ಪ್ರಯೋಗದಲ್ಲಿ ಅಳೆದಾಗ ಸಿಗುವ ಸಂಖ್ಯೆಯೂ ಹೆಚ್ಚುಕಡಿಮೆ ಇದೇ, 242.

ಈ ಲೆಕ್ಕದ ಶಕ್ತಿಯನ್ನು ನೋಡಬೇಕಿದ್ದರೆ ರಾಕೆಟ್ ಉಡಾವಣೆ ನೋಡಬೇಕು. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತೊಯ್ದ ಇಸ್ರೋ ರಾಕೆಟ್‌ನ ಮೇಲಿನ ಹಂತದಲ್ಲಿ ಇದ್ದದ್ದು ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕ. ಆ ಎಂಜಿನ್ನಿನ ಬಾಲದಿಂದ ಚಿಮ್ಮುತ್ತಿದ್ದದ್ದು ಮುಖ್ಯವಾಗಿ ನೀರಿನ ಆವಿ. ಚಂದ್ರನತ್ತ ತಳ್ಳಿದ್ದು ಹೈಡ್ರೋಜನ್ ಬಂಧದ ‘ಒಡೆತ’ವಲ್ಲ, ನೀರಿನ ಬಂಧದ ‘ಕೂಡಿಕೆ’.

ಹೈಡ್ರೋಜನ್ ಉರಿದರೆ ನೀರಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ 1780ರ ದಶಕದಲ್ಲಿ ತೋರಿಸಿದ. ಅದರ ಅರ್ಥವನ್ನು ಸ್ಪಷ್ಟವಾಗಿ ಗ್ರಹಿಸಿದ ಫ್ರಾನ್ಸಿನ ಲವಾಸಿಯೆ, 1787ರಲ್ಲಿ ಆ ಅನಿಲಕ್ಕೆ ‘ನೀರನ್ನು ಹುಟ್ಟಿಸುವಂಥದ್ದು’ ಎಂಬ ಅರ್ಥದ ಗ್ರೀಕ್ ಮೂಲದ ಹೆಸರಿಟ್ಟ. ಕನ್ನಡದ ‘ಜಲಜನಕ’ ಅದರದೇ ಪ್ರತಿರೂಪ. ಹೆಸರಿನಲ್ಲೇ ಉತ್ತರವಿದೆ. ನೀರು ಎಂದರೆ ಜಲಜನಕ ಉರಿದ ಮೇಲೆ ಉಳಿಯುವ ವಸ್ತು. ಸೌದೆ ಉರಿದ ಮೇಲೆ ಬೂದಿ ಹೇಗೋ, ಜಲಜನಕ ಉರಿದ ಮೇಲೆ ನೀರು ಹಾಗೆ. ಬೂದಿಯನ್ನು ಒಲೆಗೆ ಹಾಕಿ ಅನ್ನ ಬೇಯಿಸಲು ಯಾರಾದರೂ ಹೊರಡುತ್ತಾರೆಯೇ?

ಸೇದಲು ಎಷ್ಟು, ಇಳಿಯಲು ಅಷ್ಟು

‘ನೀರನ್ನು ಮತ್ತೆ ಒಡೆದು ಹೈಡ್ರೋಜನ್ ತೆಗೆದು ಉರಿಸಿದರಾಯಿತಲ್ಲ?’ ಎಂದು ಚುರುಕು ಹುಡುಗರು ಕೇಳಬಹುದು. ಒಡೆಯಬಹುದು. 1800ರಲ್ಲೇ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ಬ್ಯಾಟರಿಯ ವಿದ್ಯುತ್ ಹರಿಸಿ ನೀರನ್ನು ಒಡೆದು ತೋರಿಸಿದ್ದರು. ಆದರೆ ಒಡೆಯಲು ಕೊಡಬೇಕಾದ ಶಕ್ತಿ, ಮತ್ತೆ ಕೂಡಿದಾಗ ಬರುವ ಶಕ್ತಿಗಿಂತ ಒಂದು ಕಾಸೂ ಕಡಿಮೆಯಿಲ್ಲ. ಮೂಲಿಕೆ ಹಾಕಲಿ, ಮಂತ್ರ ಹಾಕಲಿ, ಗುಟ್ಟಿನ ಸರ್ಕೀಟು ಜೋಡಿಸಲಿ, ಬಾವಿಯ ಆಳ ಬದಲಾಗುವುದಿಲ್ಲ.

ಇದು ಕೇವಲ ನಂಬಿಕೆಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡಿದ ಜರ್ಮೇನ್ ಹೆಸ್, 1840ರಲ್ಲಿ ಶಾಖದ ಅಳತೆಗಳಿಂದ ಒಂದು ನಿಯಮ ಕಂಡುಕೊಂಡ. ಒಂದು ವಸ್ತುವಿನಿಂದ ಇನ್ನೊಂದು ವಸ್ತುವಿಗೆ ಯಾವ ದಾರಿಯಲ್ಲಿ ಹೋದರೂ, ಒಂದೇ ಹೆಜ್ಜೆಯಲ್ಲಿ ಹೋದರೂ ಹತ್ತು ಹೆಜ್ಜೆಯಲ್ಲಿ ಹೋದರೂ, ಒಟ್ಟು ಶಾಖದ ಲೆಕ್ಕ ಒಂದೇ. ಅಡ್ಡದಾರಿಯಲ್ಲಿ ಹೋಗಿ ಉಳಿತಾಯ ಮಾಡಲು ನಿಸರ್ಗ ಬಿಡುವುದಿಲ್ಲ.

ಹೆಸ್‌ನ ನಿಯಮಕ್ಕೆ ನಮ್ಮ ಊರುಗಳಲ್ಲೇ ಒಂದು ಚೆಂದದ ಸಾಕ್ಷಿ ಇದೆ. ಅದು ಸುಣ್ಣ.

ಸುಣ್ಣದಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. 100 ಗ್ರಾಂ ಶುದ್ಧ ಕಲ್ಲು 178 ಕಿಲೋಜೂಲ್ ಶಾಖ ನುಂಗಿ, 44 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಬಿಟ್ಟು 56 ಗ್ರಾಂ ಸುಟ್ಟ ಸುಣ್ಣವಾಗುತ್ತದೆ. ಆ ಸುಣ್ಣವನ್ನು ತಂದು ಗುಂಡಿಯಲ್ಲಿ ನೀರು ಹುಯ್ದರೆ ಕೊತಕೊತ ಕುದಿಯುವುದನ್ನು ಹಿರಿಯರೆಲ್ಲ ನೋಡಿದ್ದಾರೆ. ಕೆಳಗೆ ಬೆಂಕಿಯಿಲ್ಲ, ಆದರೂ ಆವಿ ಏಳುತ್ತದೆ. ಇಲ್ಲಿ ಹೊರಬರುವುದು 65 ಕಿಲೋಜೂಲ್. ಇನ್ನು ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ದಿನಗಟ್ಟಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ, ನೀರನ್ನು ಬಿಟ್ಟು, ಮತ್ತೆ ಕಲ್ಲಾಗುತ್ತದೆ. ಆಗ ಯಾರಿಗೂ ಗೊತ್ತಾಗದಷ್ಟು ನಿಧಾನವಾಗಿ ಉಳಿದ 113 ಕಿಲೋಜೂಲ್ ಹೊರಬರುತ್ತದೆ.

65ಕ್ಕೆ 113 ಕೂಡಿಸಿ ನೋಡಿ. 178! ಭಟ್ಟಿಯಲ್ಲಿ ಕಲ್ಲು ನುಂಗಿದ ಸಾಲವನ್ನು ಎರಡು ಕಂತಿನಲ್ಲಿ, ಒಂದನ್ನು ಗುಂಡಿಯಲ್ಲಿ ಮತ್ತೊಂದನ್ನು ಗೋಡೆಯಲ್ಲಿ, ಪೂರಾ ತೀರಿಸಿದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. (ಮನೆಯಲ್ಲಿ ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರ ಇರಿಸಿ. ಸಿಡಿಯುವ ಹನಿ ಕಣ್ಣಿಗೆ ಬಿದ್ದರೆ ಅಪಾಯ.)

ಕಡ್ಡಿ ಗೀರುವುದು ಯಾತಕ್ಕೆ?

ಉರಿಯುವುದರಿಂದ ಶಕ್ತಿ ಬರುವುದಾದರೆ ಗ್ಯಾಸ್ ಒಲೆಗೆ ಲೈಟರ್ ಬೇಕೇಕೆ? ಪೆಟ್ರೋಲು ಟ್ಯಾಂಕಿನಲ್ಲೇ ಹೊತ್ತಿಕೊಳ್ಳುವುದಿಲ್ಲವೇಕೆ? ಬಂಧ ಮುರಿಯಲು ಶಕ್ತಿ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಗೋಬರ್ ಗ್ಯಾಸಿನ ಮುಖ್ಯ ಅಂಶವಾದ ಮೀಥೇನ್ ತೆಗೆದುಕೊಳ್ಳಿ. ಒಂದು ಮೋಲ್ ಮೀಥೇನ್ ಅಂದರೆ 16 ಗ್ರಾಂ. ಅದನ್ನೂ ಅದಕ್ಕೆ ಬೇಕಾದ ಆಮ್ಲಜನಕವನ್ನೂ ಪೂರ್ತಿ ಬಿಡಿಸಲು 2,648 ಕಿಲೋಜೂಲ್ ಬೇಕು. ಆ ಪರಮಾಣುಗಳು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಕೂಡಿದಾಗ 3,450 ಬರುತ್ತದೆ. ಉಳಿಕೆ 802. ಲಾಭದ ವ್ಯಾಪಾರವೇ ಸರಿ. ಆದರೆ ಲಾಭ ಕೈಗೆ ಬರುವ ಮೊದಲು ಬಂಡವಾಳ ಹಾಕಬೇಕು. ಲೈಟರಿನ ಕಿಡಿ ಹಾಕುವುದು ಆ ಮೊದಲ ಬಂಡವಾಳವನ್ನು. ಕಿಡಿ ಎಲ್ಲ ಬಂಧಗಳನ್ನೂ ಮುರಿಯಬೇಕಿಲ್ಲ. ಕೆಲವು ಮುರಿದರೆ ಸಾಕು. ಹೊಸ ಬಂಧಗಳು ಕೂಡುವಾಗ ಬರುವ ಲಾಭ ಪಕ್ಕದ ಅಣುಗಳಿಗೆ ಬಂಡವಾಳವಾಗುತ್ತದೆ. ಅವುಗಳ ಲಾಭ ಮುಂದಿನವಕ್ಕೆ. ಹೀಗೆ ಸರಪಳಿಯಂತೆ ಸಾಗುವುದನ್ನೇ ನಾವು ಬೆಂಕಿ ಎನ್ನುತ್ತೇವೆ.

ಕ್ರಿಯೆ ಆರಂಭವಾಗಲು ಬೇಕಾದ ಈ ಬಂಡವಾಳಕ್ಕೆ ‘ಪಟುತ್ವ ಶಕ್ತಿ’ ಎಂದು ಹೆಸರು. ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಬೆರೆಸಿ ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ವರ್ಷಗಟ್ಟಲೆ ಸುಮ್ಮನಿರುತ್ತವೆ. ಒಂದು ಕಿಡಿ ಸಾಕು, ಸ್ಫೋಟ. 1937ರ ಮೇ 6ರಂದು ಅಮೆರಿಕದಲ್ಲಿ ಇಳಿಯುತ್ತಿದ್ದ ಜರ್ಮನಿಯ ಹಿಂಡೆನ್‌ಬರ್ಗ್ ವಾಯುನೌಕೆಯಲ್ಲಿ ತುಂಬಿದ್ದ ಹೈಡ್ರೋಜನ್ ಹೊತ್ತಿಕೊಂಡು 36 ಜನ ಸತ್ತರು. ಅಟ್ಲಾಂಟಿಕ್ ಸಾಗರವನ್ನು ದಾಟಿ ಬರುವಷ್ಟು ಹೊತ್ತೂ ಅದೇ ಅನಿಲ ಶಾಂತವಾಗಿತ್ತು.

ಪ್ಲಾಟಿನಂನಂಥ ಕ್ರಿಯಾವರ್ಧಕಗಳು ಈ ಬಂಡವಾಳವನ್ನು ಇಳಿಸುತ್ತವೆ. ವಂಚಕರು ಇಲ್ಲಿಯೂ ಕೈಚಳಕ ತೋರಿಸುತ್ತಾರೆ. ‘ನಮ್ಮ ಕ್ರಿಯಾವರ್ಧಕ ನೀರನ್ನು ಸುಲಭವಾಗಿ ಒಡೆಯುತ್ತದೆ’ ಎಂದು ಹೇಳುತ್ತಾರೆ. ಕ್ರಿಯಾವರ್ಧಕ ಬಾವಿಯ ಕಟ್ಟೆಯ ಎತ್ತರವನ್ನು ತಗ್ಗಿಸಬಹುದು. ಬಾವಿಯ ಆಳವನ್ನು ತಗ್ಗಿಸಲಾರದು.

ಉರಿಯುವ ನೀರಿನ ಪವಾಡ

‘ನೀರಿನಲ್ಲಿ ಬೆಂಕಿ ಎದ್ದದ್ದನ್ನು ಕಣ್ಣಾರೆ ಕಂಡಿದ್ದೇವೆ’ ಎನ್ನುವವರಿದ್ದಾರೆ. ಕಂಡಿರಲೂಬಹುದು. ನೀರಿಗೆ ಸೋಡಿಯಂ ಲೋಹದ ಚೂರು ಹಾಕಿದರೆ ಬೆಂಕಿ ಏಳುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಕಿದರೆ ಅಸಿಟಿಲೀನ್ ಅನಿಲ ಬರುತ್ತದೆ. ಗ್ಯಾಸ್ ವೆಲ್ಡಿಂಗ್‌ನವರು ಉರಿಸುವುದು ಅದನ್ನೇ. ಹಿಂದಿನ ಕಾಲದ ಕಾರ್ಬೈಡ್ ದೀಪ ಉರಿಯುತ್ತಿದ್ದದ್ದೂ ಹೀಗೆಯೇ. ಹಣ್ಣು ಮಾಗಿಸಲು ಬಳಸಬಾರದೆಂದು ನಮ್ಮ ಕಾನೂನು ನಿಷೇಧಿಸಿರುವುದೂ ಇದೇ ಕಾರ್ಬೈಡನ್ನು.

ಈ ಎರಡೂ ಕಡೆ ಇಂಧನ ನೀರಲ್ಲ. ಸೋಡಿಯಂ, ಕಾರ್ಬೈಡುಗಳೇ ಇಂಧನ. ಸೋಡಿಯಂ ತೆಗೆಯಲು ಕರಗಿದ ಉಪ್ಪಿಗೆ ಅಪಾರ ವಿದ್ಯುತ್ ಹರಿಸಬೇಕು. ಕಾರ್ಬೈಡ್ ಮಾಡಲು ಸುಣ್ಣ ಮತ್ತು ಕೋಕ್ ಕಲ್ಲಿದ್ದಲನ್ನು ವಿದ್ಯುತ್ ಕುಲುಮೆಯಲ್ಲಿ ಸುಮಾರು 2,000 ಡಿಗ್ರಿಗೆ ಕಾಯಿಸಬೇಕು. ಎಲ್ಲೋ ದೂರದ ಕಾರ್ಖಾನೆಯಲ್ಲಿ ಕೊಡವನ್ನು ಬಾವಿಯಿಂದ ಮೇಲೆತ್ತಿ ಇಟ್ಟಿರುತ್ತಾರೆ. ಇಲ್ಲಿ ಅದನ್ನು ಕೈಬಿಡುತ್ತಾರೆ, ಅಷ್ಟೆ. ನೋಡುವವರಿಗೆ ಮೇಲೆತ್ತಿದ ಖರ್ಚು ಕಾಣುವುದಿಲ್ಲ. ಬೀಳುವ ಸದ್ದು ಮಾತ್ರ ಕೇಳುತ್ತದೆ.

ಬೈಕಿಗೆ ಜೋಡಿಸುವ ನೀರಿನ ಡಬ್ಬಿಯ ಕಥೆಯೂ ಇಷ್ಟೆ. ಡಬ್ಬಿಯಲ್ಲಿ ನೀರು ಒಡೆಯಲು ವಿದ್ಯುತ್ ಬೇಕು. ವಿದ್ಯುತ್ತನ್ನು ಕೊಡುವುದು ಬೈಕಿನ ಬ್ಯಾಟರಿ. ಬ್ಯಾಟರಿಯನ್ನು ತುಂಬಿಸುವುದು ಎಂಜಿನ್. ಎಂಜಿನ್ನಿಗೆ ಬೇಕಾದ್ದು ಪೆಟ್ರೋಲು! ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಸೋರಿಕೆ. ಕೊನೆಗೆ ಗಿರಾಕಿಗೆ ಉಳಿಯುವುದು ಡಬ್ಬಿ ಮತ್ತು ಬಿಲ್ಲು.

ಕುದಿಸಿದರೆ ನೀರು ಒಡೆಯುತ್ತದೆ ಎಂಬ ಭ್ರಮೆಯೂ ಕೆಲವರಲ್ಲಿದೆ. 18 ಗ್ರಾಂ ನೀರನ್ನು ಆವಿ ಮಾಡಲು ಬೇಕಾದ್ದು ಸುಮಾರು 41 ಕಿಲೋಜೂಲ್. ಅದು ಒಂದು ಅಣುವನ್ನು ಪಕ್ಕದ ಅಣುವಿನಿಂದ ಬಿಡಿಸಲು ಮಾತ್ರ ಸಾಕು. ಅಣುವಿನ ಒಳಗಿನ ಎರಡೂ ಬಂಧಗಳನ್ನು ಮುರಿಯಲು ಬೇಕಾದ್ದು 926. ಅದಕ್ಕೇ ಇಡ್ಲಿ ಪಾತ್ರೆಯ ಹಬೆ ನೀರಾಗಿಯೇ ಇರುತ್ತದೆ, ಹೈಡ್ರೋಜನ್ ಆಗುವುದಿಲ್ಲ.

ಗಾಳಿಯಲ್ಲಿರುವ ಆಳವಾದ ಬಾವಿ

ಬಂಧಗಳ ಈ ಲೆಕ್ಕ ಗೊತ್ತಿದ್ದರೆ ಸ್ಫೋಟಕಗಳ ಗುಟ್ಟೂ ತಿಳಿಯುತ್ತದೆ. ಗಾಳಿಯಲ್ಲಿ ಶೇಕಡ 78ರಷ್ಟಿರುವ ಸಾರಜನಕದ ಎರಡು ಪರಮಾಣುಗಳ ನಡುವೆ ಮೂರೆಳೆಯ ಬಂಧವಿದೆ. ಅದನ್ನು ಮುರಿಯಲು ಮೋಲ್‌ಗೆ 945 ಕಿಲೋಜೂಲ್ ಬೇಕು. ಆಮ್ಲಜನಕದ ಬಂಧಕ್ಕೆ ಬೇಕಾದುದರ ಸುಮಾರು ಎರಡು ಪಟ್ಟು. ಹಾಗಾಗಿಯೇ ಬೆಂಕಿಕಡ್ಡಿ ಗೀರಿದಾಗ ಸುತ್ತಲಿನ ಗಾಳಿ ಹೊತ್ತಿಕೊಳ್ಳುವುದಿಲ್ಲ, ಹಾಗಾಗಿಯೇ ಸಾರಜನಕವನ್ನು ಗೊಬ್ಬರವಾಗಿಸಲು ಭಾರಿ ಒತ್ತಡ, ಉಷ್ಣತೆಗಳ ಕಾರ್ಖಾನೆ ಬೇಕು.

ಕಷ್ಟಪಟ್ಟು ಬಾವಿಯಿಂದ ಮೇಲೆತ್ತಿದ ಸಾರಜನಕ ಮತ್ತೆ ಒಮ್ಮೆಲೇ ಬಾವಿಗೆ ಬಿದ್ದರೆ? 2020ರ ಆಗಸ್ಟ್ 4ರಂದು ಲೆಬನಾನಿನ ಬೇರೂತ್ ಬಂದರಿನಲ್ಲಿ ಆದದ್ದು ಅದೇ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ಸ್ಫೋಟಿಸಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ನಗರದ ದೊಡ್ಡ ಭಾಗ ಹಾಳಾಯಿತು. ನೋಡುವವರಿಗೆ ಎಲ್ಲವೂ ಒಡೆದು ಚೂರಾದಂತೆ ಕಂಡಿತು. ಆದರೆ ಪರಮಾಣುಗಳ ಮಟ್ಟದಲ್ಲಿ ಆ ಶಕ್ತಿ ಬಂದದ್ದು ಕೂಡಿಕೆಯಿಂದ. ಸಾರಜನಕವು ಸಾರಜನಕದೊಂದಿಗೆ, ಜಲಜನಕವು ಆಮ್ಲಜನಕದೊಂದಿಗೆ ಗಟ್ಟಿಯಾಗಿ ಕೂಡಿದ್ದರಿಂದ.

ಬೆಂಕಿಯ ವಿಷಯದಲ್ಲೂ ಕೀರ್ತಿ ಸಲ್ಲಬೇಕಾದ್ದು ಬೇರೆಯವರಿಗೆ. ಶಕ್ತಿಯೆಲ್ಲ ಸೌದೆಯಲ್ಲಿ, ಪೆಟ್ರೋಲಿನಲ್ಲಿ ಇದೆ ಎಂದೇ ಎಲ್ಲರ ಭಾವನೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಕ್ಲಾಸ್ ಶ್ಮಿಟ್-ರೋರ್ 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ತಿರುಗಿಸಿ ನೋಡಿದರು. ಇಂಧನ ಯಾವುದೇ ಇರಲಿ, ಖರ್ಚಾದ ಪ್ರತಿ 32 ಗ್ರಾಂ ಆಮ್ಲಜನಕಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದ, ಅಂದರೆ ಸುಮಾರು 418 ಕಿಲೋಜೂಲ್ ಶಾಖ ಬರುತ್ತದೆ. ಕಾರಣ, ಆಮ್ಲಜನಕದ ಜೋಡಿಬಂಧ ತೀರಾ ದುರ್ಬಲ. ಆಳವಿಲ್ಲದ ಬಾವಿ. ಅಲ್ಲಿಂದ ಹೊರಬಂದ ಆಮ್ಲಜನಕ ಇಂಗಾಲ, ಜಲಜನಕಗಳೊಡನೆ ಕೂಡಿ ಆಳದ ಬಾವಿಗೆ ಬೀಳುತ್ತದೆ. ಒಲೆಯ ಶಾಖದಲ್ಲಿ ಸೌದೆಯಷ್ಟೇ ಪಾಲು ಊದುಕೊಳವೆಯ ಗಾಳಿಗೂ ಇದೆ!

ಹೈಡ್ರೋಜನ್ ಕಾರು ಸುಳ್ಳೇ?

ಹಾಗಾದರೆ ಸರ್ಕಾರವೇ ಹೈಡ್ರೋಜನ್ ಬಗ್ಗೆ ಮಾತಾಡುತ್ತಿದೆಯಲ್ಲ? 2023ರ ಜನವರಿಯಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಮಂಜೂರು ಮಾಡಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹೈಡ್ರೋಜನ್ ತಯಾರಿಸುವ ಗುರಿ ಅದರದು. ಇದೂ ನೀರಿನಿಂದಲೇ ತಾನೆ?

ಹೌದು, ನೀರಿನಿಂದಲೇ. ಆದರೆ ಇಲ್ಲಿ ಯಾರೂ ಲೆಕ್ಕವನ್ನು ಮುಚ್ಚಿಟ್ಟಿಲ್ಲ. ಕೊಡ ಸೇದುವ ಕೆಲಸಕ್ಕೆ ಸೂರ್ಯನನ್ನೂ ಗಾಳಿಯನ್ನೂ ಹಚ್ಚುವುದು ಯೋಜನೆ. ಒಂದು ಕಿಲೋ ಹೈಡ್ರೋಜನ್ ಪಡೆಯಲು ಸಿದ್ಧಾಂತದ ಪ್ರಕಾರ 39 ಯೂನಿಟ್ ವಿದ್ಯುತ್ ಸಾಕು. ವಾಸ್ತವದಲ್ಲಿ 50 ಯೂನಿಟ್ ಅಥವಾ ಅದಕ್ಕಿಂತ ತುಸು ಹೆಚ್ಚೇ ಬೇಕು. ಅದೇ ಒಂದು ಕಿಲೋವನ್ನು ಕಾರಿನ ಫ್ಯೂಯೆಲ್ ಸೆಲ್‌ಗೆ ಉಣಿಸಿದರೆ ವಾಪಸು ಸಿಗುವ ವಿದ್ಯುತ್ ಅದರ ಅರ್ಧಕ್ಕೂ ಕಡಿಮೆ. ಅಂದರೆ ಹೈಡ್ರೋಜನ್ ಶಕ್ತಿಯ ಮೂಲವಲ್ಲ, ಶಕ್ತಿಯನ್ನು ಹೊತ್ತೊಯ್ಯುವ ಹಮಾಲಿ. ಉಕ್ಕು, ಗೊಬ್ಬರದ ಕಾರ್ಖಾನೆಗಳಂಥ ಕಡೆ, ಬೇರೆ ದಾರಿ ಕಷ್ಟವಿರುವಲ್ಲಿ, ಹಮಾಲಿಗೆ ಕೊಡುವ ಕೂಲಿಯೂ ಗಿಟ್ಟಬಹುದು.

ಫ್ರಾನ್ಸಿನ ಕಾದಂಬರಿಕಾರ ಜೂಲ್ಸ್ ವರ್ನ್ 1870ರ ದಶಕದಲ್ಲೇ ತನ್ನ ಪಾತ್ರವೊಂದರ ಬಾಯಲ್ಲಿ ನೀರು ಮುಂದೊಂದು ದಿನ ಕಲ್ಲಿದ್ದಲಿನ ಜಾಗ ತುಂಬುತ್ತದೆ ಎಂದು ಹೇಳಿಸಿದ್ದ. ಗಮನಿಸಬೇಕಾದ್ದೆಂದರೆ, ನೀರನ್ನು ಒಡೆಯಲು ವಿದ್ಯುತ್ ಬೇಕೆಂಬುದನ್ನು ಆ ಕಥೆಗಾರ ಮರೆತಿರಲಿಲ್ಲ.

ಈ ಕೆಲಸದಲ್ಲಿ ನಿಜವಾದ ಹಿರಿಯಣ್ಣ ಎಂದರೆ ಹಸಿರು ಎಲೆ. ಬಿಸಿಲಿನ ಶಕ್ತಿಯಿಂದ ಪ್ರತಿದಿನ ಸದ್ದಿಲ್ಲದೆ ನೀರನ್ನು ಒಡೆದು, ಆಮ್ಲಜನಕವನ್ನು ಗಾಳಿಗೆ ಬಿಟ್ಟು, ಜಲಜನಕವನ್ನು ಸಕ್ಕರೆ ಕಟ್ಟಲು ಬಳಸುತ್ತದೆ. ನಾವು ಉಣ್ಣುವ ರಾಗಿಮುದ್ದೆ ಅದರ ಫಲ. ಮೇಲೆತ್ತಿಟ್ಟ ಆ ಕೊಡ ನಮ್ಮ ದೇಹದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ನಾವು ಎಳೆದುಕೊಂಡ ಉಸಿರಿನ ಆಮ್ಲಜನಕದೊಡನೆ ಸೇರಿ ಮತ್ತೆ ನೀರಾಗುತ್ತದೆ. ಎಲೆಯೂ ಪುಕ್ಕಟೆ ಏನನ್ನೂ ಮಾಡುವುದಿಲ್ಲ. ಬಿಲ್ಲು ಕಟ್ಟುವವನು ಸೂರ್ಯ.

ಕೇಳಬೇಕಾದ ಎರಡು ಪ್ರಶ್ನೆ

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ್ದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಅವರ ನಿಲುವಾಗಿತ್ತು. ಮಕ್ಕಳಿಗೆ ಇದನ್ನು ಕಲಿಸಲು ಅಪ್ಪ-ಅಮ್ಮಂದಿರು ವಿಜ್ಞಾನ ಪದವೀಧರರೇ ಆಗಬೇಕಿಲ್ಲ. ಹೊಸ ಇಂಧನದ ಸುದ್ದಿ ಬಂದಾಗಲೆಲ್ಲ ಎರಡೇ ಪ್ರಶ್ನೆ ಕೇಳಿದರೆ ಸಾಕು. ಒಂದು, ಇದು ಉರಿದು ಕೊನೆಗೆ ಏನಾಗುತ್ತದೆ? ಎರಡು, ಮೊದಲು ಇದನ್ನು ಮೇಲೆತ್ತಿದವರು ಯಾರು, ಅದಕ್ಕೆ ಶಕ್ತಿ ಎಲ್ಲಿಂದ ಬಂತು?

ಮೊದಲ ಪ್ರಶ್ನೆಗೆ ‘ನೀರು ಉರಿದು ನೀರೇ ಆಗುತ್ತದೆ’ ಎಂಬ ಉತ್ತರ ಬಂದರೆ, ಜೇಬಿನ ಪರ್ಸನ್ನು ಒಳಗೇ ಇಟ್ಟುಕೊಳ್ಳುವುದು ಲೇಸು.

ಪರೀಕ್ಷೆಗೆ ಕೂರುವವರಿಗೆ

• ಬಂಧ ಮುರಿಯುವುದು ಅಂತರುಷ್ಣಕ, ಬಂಧ ಕೂಡುವುದು ಬಹಿರುಷ್ಣಕ. ಉತ್ತರಪತ್ರಿಕೆಯಲ್ಲಿ ಇದನ್ನು ತಿರುಗುಮುರುಗು ಬರೆಯುವವರೇ ಹೆಚ್ಚು.

• ಕ್ರಿಯೆಯ ಶಾಖ ಲೆಕ್ಕ ಹಾಕಲು, ಮುರಿದ ಬಂಧಗಳ ಒಟ್ಟು ಶಕ್ತಿಯಿಂದ ಕೂಡಿದ ಬಂಧಗಳ ಒಟ್ಟು ಶಕ್ತಿಯನ್ನು ಕಳೆಯಿರಿ. ಉತ್ತರ ಋಣವಾದರೆ ಶಾಖ ಹೊರಕ್ಕೆ, ಧನವಾದರೆ ಒಳಕ್ಕೆ.

• ಪಟ್ಟಿಯಲ್ಲಿ ಕೊಟ್ಟಿರುವ ಬಂಧಶಕ್ತಿಗಳಲ್ಲಿ ಹಲವು ಸರಾಸರಿ ಬೆಲೆಗಳು, ಮತ್ತು ಅವು ಅನಿಲ ಸ್ಥಿತಿಗೆ ಅನ್ವಯಿಸುತ್ತವೆ. ಆದ್ದರಿಂದ ಪ್ರಯೋಗದ ಉತ್ತರಕ್ಕೂ ಲೆಕ್ಕಕ್ಕೂ ತುಸು ವ್ಯತ್ಯಾಸ ಬಂದರೆ ಗಾಬರಿ ಬೇಡ.

• ಜೀವಶಾಸ್ತ್ರದಲ್ಲಿ ಬರುವ ‘ಎಟಿಪಿಯ ಅಧಿಕ ಶಕ್ತಿಯ ಬಂಧ’ ಎಂಬ ಮಾತಿಗೆ ಮೋಸಹೋಗಬೇಡಿ. ಫ್ರಿಟ್ಜ್ ಲಿಪ್‌ಮನ್ 1941ರಲ್ಲಿ ಬಳಕೆಗೆ ತಂದ ನುಡಿ ಅದು. ಎಟಿಪಿಯ ಫಾಸ್ಫೇಟ್ ಬಂಧ ಮುರಿಯಲೂ ಶಕ್ತಿ ಬೇಕೇ ಬೇಕು. ನೀರಿನೊಡನೆ ಸೇರಿ ಏರ್ಪಡುವ ಹೊಸ ಬಂಧಗಳು ಅದಕ್ಕಿಂತ ಹೆಚ್ಚು ಶಕ್ತಿ ಕೊಡುವುದರಿಂದ ಮೋಲ್‌ಗೆ ಸುಮಾರು 30 ಕಿಲೋಜೂಲ್ ಉಳಿಯುತ್ತದೆ.

• ನೀವೇ ಮಾಡಿ ನೋಡಿ: ಹೈಡ್ರೋಜನ್ ಬಂಧ 436, ಕ್ಲೋರಿನ್ ಬಂಧ 242, ಹೈಡ್ರೋಜನ್-ಕ್ಲೋರಿನ್ ಬಂಧ 431 ಕಿಲೋಜೂಲ್. ಒಂದು ಮೋಲ್ ಹೈಡ್ರೋಜನ್, ಒಂದು ಮೋಲ್ ಕ್ಲೋರಿನ್ ಸೇರಿ ಎರಡು ಮೋಲ್ ಹೈಡ್ರೋಜನ್ ಕ್ಲೋರೈಡ್ ಆದಾಗ ಶಾಖ ಹೊರಕ್ಕೋ ಒಳಕ್ಕೋ, ಎಷ್ಟು? (ಉತ್ತರ: ಹೊರಕ್ಕೆ, 184 ಕಿಲೋಜೂಲ್.)